ಬಿದ್ದ ಹಾರ್ಡ್ ಡಿಸ್ಕ್, ಒಳಗೆ ಅಪ್ಪನ ಧ್ವನಿ: ಏನು ಮಾಡಲಿ?

ಪ್ರಶ್ನೆ (ಬೆಂಗಳೂರಿನ ಹನುಮಂತನಗರದ ಸದಸ್ಯೆ):

ಎಲ್ಲರಿಗೂ ನಮಸ್ಕಾರ. ನಮ್ಮದು 1 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್. ಶನಿವಾರ ಲ್ಯಾಪ್‌ಟಾಪ್‌ಗೆ ಹಾಕಿ ಫೋಟೋ ಕಾಪಿ ಮಾಡುತ್ತಿದ್ದೆ. ಮಗ ವೈರ್ ಎಳೆದ, ಟೇಬಲ್ ಮೇಲಿಂದ ಮೊಸಾಯಿಕ್ ನೆಲಕ್ಕೆ ಬಿತ್ತು. ಆಮೇಲೆ ಮೂರು ಸಲ ಹಾಕಿ ನೋಡಿದೆ, ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತಲೇ ಇಲ್ಲ. ಫೋಟೋಗಳು ನೆಂಟರ ಹತ್ತಿರ ಅಷ್ಟಿಷ್ಟು ಸಿಗಬಹುದು. ಆದರೆ ಅಪ್ಪ ಹಾಡಿದ ದೇವರನಾಮಗಳ ರೆಕಾರ್ಡಿಂಗ್ ಇರುವುದು ಅದರಲ್ಲಿ ಮಾತ್ರ. ಅಪ್ಪ ಈಗ ಇಲ್ಲ. ಭಾವನ ಮಗ ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟು ನೋಡಿ ಅಂತಾನೆ. ಹತ್ತಿರದ ಅಂಗಡಿಯವರು "ಬಿಟ್ಟು ಹೋಗಿ, ಬಿಚ್ಚಿ ನೋಡ್ತೀನಿ" ಅಂದರು. ಯಾರ ಮಾತು ಕೇಳಲಿ?

ಉತ್ತರ (ಡೇಟಾ ರಿಕವರಿ ಕೆಲಸದವನು):

ಮೇಡಂ, ಇಬ್ಬರದೂ ಬೇಡ. ಮೊದಲು ಆ ಕೇಬಲ್ಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ತಮಾಷೆ ಅಲ್ಲ. ನನ್ನ ಟೇಬಲ್ಲಿಗೆ ಬರುವ ಡಿಸ್ಕ್‌ಗಳಲ್ಲಿ ಬಿದ್ದಾಗ ಆದ ಏಟಿಗಿಂತ, "ಇನ್ನೊಂದ್ಸಲ ಹಾಕಿ ನೋಡೋಣ" ಅಂದಾಗ ಆದ ಏಟೇ ಜಾಸ್ತಿ.

ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ, ಪ್ಲೇಟರ್ ಅನ್ನುತ್ತೇವೆ. ನಿಮ್ಮದರಂಥ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಓದುವ ಹೆಡ್ ಅದನ್ನು ಮುಟ್ಟುವುದಿಲ್ಲ, ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ. ನಮ್ಮ ಕಣ್ಣಿಗೂ ಕಾಣದ ಧೂಳು ಅದಕ್ಕೆ ಬಂಡೆ ಇದ್ದ ಹಾಗೆ. ಏಟು ತಿಂದ ಹೆಡ್ ತಟ್ಟೆಗೆ ಉಜ್ಜಿದರೆ ಮೇಲಿನ ಲೇಪನವೇ ಪುಡಿಯಾಗಿ ಏಳುತ್ತದೆ. ಡೇಟಾ ಇರುವುದೇ ಆ ಲೇಪನದಲ್ಲಿ. ಹೋದ ತಿಂಗಳು ಹಾಗೆ ಉಜ್ಜಿದ ಒಂದು ಡಿಸ್ಕ್ ಬಿಚ್ಚಿದೆ. ಮೂಲೆಯಲ್ಲಿ ಒಂದು ಪುಟ್ಟ ಬಿಳಿ ಫಿಲ್ಟರ್ ಇರುತ್ತದೆ, ಅದು ಕಾಡಿಗೆ ಬಟ್ಟೆಯಂತೆ ಕಪ್ಪಾಗಿತ್ತು. ತಟ್ಟೆಯ ಮೇಲೆ ಉಂಗುರದಂತೆ ಗೀರು. ಅಲ್ಲಿದ್ದದ್ದನ್ನು ಯಾರೂ ತರಲಾರರು, ನಾನೂ ಅಷ್ಟೇ.

ಫ್ರೀಜರ್ ವಿಷಯ: ಫ್ರಿಜ್‌ನಿಂದ ತೆಗೆದ ಸ್ಟೀಲ್ ಚೊಂಬು ಬೆವರುತ್ತದೆ ಅಲ್ವಾ? ಪ್ಲೇಟರ್ ಕೂಡ ಹಾಗೇ ಬೆವರುತ್ತದೆ. ಆ ತೇವದ ಮೇಲೆ ಹೆಡ್ ಓಡಿದರೆ ಕಥೆ ಮುಗಿಯಿತು.

ಒಂದು ವಿಷಯ ಹೇಳಿ. ಹಾಕಿದಾಗ ಸದ್ದು ಹೇಗಿತ್ತು? ಟಕ್ ಟಕ್ ಅಂತಾ, ಬೀಪ್ ಅಂತಾ, ಸುಮ್ನೆ ಇತ್ತಾ? ಮತ್ತೆ ಹಾಕಿ ನೋಡಬೇಡಿ, ನೆನಪಿನಿಂದಲೇ ಹೇಳಿ.

ಪ್ರಶ್ನೆ ಕೇಳಿದವರು:

ಸಣ್ಣಗೆ ಬೀಪ್, ಬೀಪ್ ಅಂತಿತ್ತು ಸರ್. ಮೊದಲೆಲ್ಲ ಕೈಯಲ್ಲಿ ಹಿಡಿದರೆ ತಿರುಗುವುದು ಗೊತ್ತಾಗುತ್ತಿತ್ತು. ಈಗ ಅದೂ ಇಲ್ಲ.

ಉತ್ತರ:

ಹಾಗಾದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಅದರಲ್ಲಿ ಸ್ಪೀಕರ್ ಇಲ್ಲ. ತಿರುಗಲು ಒದ್ದಾಡುತ್ತಿರುವ ಮೋಟಾರಿನ ಸದ್ದು ಅದು. ಬಹುಮಟ್ಟಿಗೆ ಹೆಡ್ ತನ್ನ ಜಾಗಕ್ಕೆ ಹೋಗದೆ ಪ್ಲೇಟರ್ ಮೇಲೇ ಅಂಟಿ ಕೂತಿದೆ. ಮೋಟಾರೇ ಕೆಟ್ಟಿರುವುದೂ ಉಂಟು, ಆದರೆ ಕಡಿಮೆ. ತಿರುಗಿಲ್ಲ ಅಂದರೆ ಹೆಚ್ಚು ಗೀರಿಲ್ಲ ಅಂತಲೂ ಅರ್ಥ. ಟಕ್ ಟಕ್ ಅಂದಿದ್ದರೆ ನನಗೆ ಭಯ ಜಾಸ್ತಿ ಆಗುತ್ತಿತ್ತು.

ಇದನ್ನು ಧೂಳಿಲ್ಲದ ಗಾಳಿ ಬೀಸುವ ಬೆಂಚಿನ ಮೇಲೆ ಬಿಚ್ಚಿ, ಹೆಡ್ಡನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ತರಬೇಕು. ಹೆಡ್ ಹಾಳಾಗಿದ್ದರೆ ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್‌ನಿಂದ ತೆಗೆದು ಹಾಕುತ್ತೇವೆ, ಅದಕ್ಕೆ ಡೋನರ್ ಅನ್ನುತ್ತೇವೆ. ತಿರುಗಿದ ಮೇಲೂ ನೇರವಾಗಿ ಫೈಲ್ ಕಾಪಿ ಮಾಡುವುದಿಲ್ಲ. ಮೊದಲು ಇಡೀ ಡಿಸ್ಕ್‌ನ ಇಮೇಜ್, ಅಂದರೆ ಅದರಲ್ಲಿರುವುದೆಲ್ಲದರ ಯಥಾವತ್ ನಕಲು, ಬೇರೆ ಡಿಸ್ಕ್‌ಗೆ ತೆಗೆಯುತ್ತೇವೆ. ಚೆನ್ನಾಗಿ ಓದುವ ಭಾಗ ಮೊದಲು, ಹಠ ಮಾಡುವ ಭಾಗ ಕೊನೆಗೆ. ಆಮೇಲೆ ಫೈಲ್ ಹುಡುಕುವುದು ಆ ಇಮೇಜ್‌ನಲ್ಲೇ. ಹಾಡು ಯಾವ ಫೋಲ್ಡರ್‌ನಲ್ಲಿತ್ತು ಅಂತ ಬರೆದುಕೊಡಿ, ಅದನ್ನೇ ಮೊದಲು ತೆಗೆಯಲು ಹೇಳಬಹುದು.

ನಮ್ಮಲ್ಲೇ ಕೊಡಿ ಅಂತ ಹೇಳುತ್ತಿಲ್ಲ. ಎಲ್ಲಿ ಕೊಟ್ಟರೂ ಕೇಳಿ: ಎಲ್ಲಿ ಬಿಚ್ಚುತ್ತೀರಿ? ಡೋನರ್ ಖರ್ಚು ಬೇರೆಯಾ? ಏನೂ ಸಿಗದಿದ್ದರೆ ಎಷ್ಟು ಕೊಡಬೇಕು? ದುಡ್ಡು ಕೊಡುವ ಮುಂಚೆ ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸುತ್ತೀರಾ? ಬೆಂಚು ತೋರಿಸಿ ಅಂದರೆ ಮಾತು ತೇಲಿಸುವವರಾದರೆ ಡಿಸ್ಕ್ ವಾಪಸ್ ತೆಗೆದುಕೊಂಡು ಬನ್ನಿ. ಫ್ಯಾನ್ ಕೆಳಗೆ ಕೂತು ಬಿಚ್ಚುವವರನ್ನು ನಾನೇ ನೋಡಿದ್ದೇನೆ.

ಇನ್ನೊಬ್ಬ ಸದಸ್ಯರು:

ಸರ್, ನಡುವೆ ಬಂದೆ, ಕ್ಷಮಿಸಿ. ನನ್ನ ಡೆಸ್ಕ್‌ಟಾಪ್ ಡಿಸ್ಕ್ ಕರೆಂಟ್ ಏರುಪೇರಿನಲ್ಲಿ ಸತ್ತಿತು. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅದೇ ಮಾಡೆಲ್ ಹುಡುಕಿ ತಂದು ಅಡಿಯ ಹಸಿರು ಬೋರ್ಡ್ ಬದಲಿಸಿದೆ. ತಿರುಗುತ್ತದೆ, ಆದರೆ ಡೇಟಾ ಕಾಣಲ್ಲ. ಯಾಕೆ?

ಉತ್ತರ:

ಹಳೇ ಡಿಸ್ಕ್‌ಗಳಲ್ಲಿ ಈ ಉಪಾಯ ನಡೆಯುತ್ತಿತ್ತು. ಈಗಿನವುಗಳಲ್ಲಿ ಪ್ರತಿ ಡಿಸ್ಕ್‌ಗೂ ಅದರದ್ದೇ ಹೊಂದಾಣಿಕೆಯ ಲೆಕ್ಕ ಇರುತ್ತದೆ. ಅದನ್ನು ಫ್ಯಾಕ್ಟರಿಯಲ್ಲೇ ಬೋರ್ಡಿನ ರೋಮ್ (ಆರ್‌ಒಎಂ) ಚಿಪ್‌ನಲ್ಲಿ ಬರೆದಿರುತ್ತಾರೆ. ಬೇರೆಯವರ ಕನ್ನಡಕ ಹಾಕಿಕೊಂಡು ಪೇಪರ್ ಓದಿದ ಹಾಗಾಗಿದೆ ನಿಮ್ಮದು. ಹಳೇ ಬೋರ್ಡಿನ ಆ ಚಿಪ್ಪನ್ನು, ಹೆಚ್ಚಾಗಿ 8 ಕಾಲಿನದು, ಹೊಸದಕ್ಕೆ ಬೆಸುಗೆ ಹಾಕಬೇಕು. ಹಳೇ ಬೋರ್ಡ್ ಎಸೆದಿಲ್ಲ ತಾನೇ?

ಅದೇ ಸದಸ್ಯರು:

ಗುಜರಿಗೆ ಹಾಕಲು ಚೀಲದಲ್ಲಿಟ್ಟಿದ್ದೆ! ಈಗಲೇ ತೆಗೆದೆ.

ಮತ್ತೊಬ್ಬರು:

ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಯಲ್ಲಿ ಫೋಟೋ ಡಿಲೀಟ್ ಆಗಿದೆ, ರೀಸೈಕಲ್ ಬಿನ್‌ನಲ್ಲೂ ಇಲ್ಲ. ಇದಕ್ಕೂ ಹೀಗೇನಾ?

ಉತ್ತರ:

ಇಲ್ಲ, ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆ ಇಲ್ಲ, ಚಿಪ್‌ಗಳಿರುತ್ತವೆ. ಅಲ್ಲಿ ಟ್ರಿಮ್ ಅಂತ ಒಂದು ವ್ಯವಸ್ಥೆ ಇದೆ. ಅಳಿಸಿದ ಜಾಗವನ್ನು ಡ್ರೈವೇ ಖಾಲಿ ಮಾಡಿಬಿಡುತ್ತದೆ, ಆಮೇಲೆ ಸಿಗುವುದು ಅಪರೂಪ. ಮೊದಲು ಕ್ಲೌಡ್, ಹಳೇ ಫೋನ್, ವಾಟ್ಸಾಪ್ ಹುಡುಕಿ. ಕ್ಯಾಮೆರಾ ಕಾರ್ಡ್‌ನಲ್ಲಿ ಡಿಲೀಟ್ ಆಗಿದ್ದರೆ ಆ ಕಾರ್ಡ್ ಬಳಸುವುದನ್ನು ನಿಲ್ಲಿಸಿ, ಫೋಟೋರೆಕ್ ಹಾಕಿ ನೋಡಿ. ಅದು ಅಳಿಸಿದ ಫೈಲ್ ಹುಡುಕುವ ಉಚಿತ ಸಾಫ್ಟ್‌ವೇರ್. ಸಿಕ್ಕಿದ್ದನ್ನು ಮತ್ತೆ ಅದೇ ಕಾರ್ಡಿಗೆ ಉಳಿಸಬೇಡಿ, ಬೇರೆ ಕಡೆ ಉಳಿಸಿ.

ಪ್ರಶ್ನೆ ಕೇಳಿದವರು:

ಸರ್, ಸೋಮವಾರ ಒಂದು ಕಡೆ ತೋರಿಸಲು ಹೊರಟಿದ್ದೇನೆ. ಹತ್ತಿಯ ಸೀರೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಿದ್ದೇನೆ. ಸ್ಕೂಟರ್ ಡಿಕ್ಕಿಯಲ್ಲಿ ಇಡಲಾ, ಮೆಟ್ರೋನಾ? ಮೆಟ್ರೋದ ಎಕ್ಸ್‌ರೇ ಮೆಷಿನ್‌ನಿಂದ ಡೇಟಾ ಹೋಗಲ್ವಾ?

ಉತ್ತರ:

ನಮ್ಮ ರಸ್ತೆಗಳಲ್ಲಿ ಸ್ಕೂಟರ್ ಡಿಕ್ಕಿಯಂತೂ ಬೇಡವೇ ಬೇಡ. ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಹತ್ತಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಹೋಗಿ. ಎಕ್ಸ್‌ರೇಯಿಂದ ಏನೂ ಆಗಲ್ಲ. ಆದರೆ ಮೆಷಿನ್ನಿನ ಆ ಕಡೆ ನೀವು ಮೊದಲೇ ಹೋಗಿ ನಿಂತಿರಿ. ಹಿಂದಿನವರ ಟ್ರಾಲಿ ಬ್ಯಾಗ್ ಬಂದು ಗುದ್ದುವ ಮುಂಚೆ ಡಬ್ಬಿ ಎತ್ತಿಕೊಳ್ಳಿ.