ಹೊಸ ಸಾಂಕ್ರಾಮಿಕದ ಮೊದಲ ವಾರಗಳಲ್ಲಿ ಸಾವಿನ ಪ್ರಮಾಣದ ಲೆಕ್ಕ ಏಕೆ ಅಷ್ಟು ಏರುಪೇರಾಗುತ್ತದೆ?

ಪ್ರಶ್ನೆ (ಹಳೆಯ ಪುಣೆವಾಸಿ)

ಎಲ್ಲರಿಗೂ ನಮಸ್ಕಾರ. 2009ರಲ್ಲಿ ನಾನು ಪುಣೆಯಲ್ಲಿ ಕೆಲಸದಲ್ಲಿದ್ದೆ. ಹಂದಿಜ್ವರದಿಂದ ದೇಶದ ಮೊದಲ ಸಾವು ಆಗಸ್ಟ್ 3ರಂದು ಅದೇ ಊರಿನಲ್ಲಿ ಸಂಭವಿಸಿದ ಮೇಲೆ ಗಂಟಲು ಕೆರೆದವರೆಲ್ಲ ನಾಯ್ಡು ಆಸ್ಪತ್ರೆಯ ಮುಂದೆ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಸಾಲು ನಿಂತಿದ್ದರು. ಆ ಸಾಲಿನಲ್ಲಿ ನಾನೂ ಅರ್ಧ ದಿನ ನಿಂತಿದ್ದೆ. ಆ ವರ್ಷ ಪತ್ರಿಕೆಗಳಲ್ಲಿ ಬಂದ ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸವಿತ್ತು. ಈಚೆಗೆ ಅದು ಕೈಗೆ ಸಿಕ್ಕಿತು. ಏಪ್ರಿಲ್ ಕೊನೆಯ ಪುಟದಲ್ಲಿ ಮೆಕ್ಸಿಕೊದ ಸಾವುಗಳು ಸುಮಾರು 150 ಎಂದಿದೆ, ಅದರ ಕೆಳಗಿನ ಸಾಲಿನಲ್ಲೇ 7 ಎಂದಿದೆ. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಸಾಂಕ್ರಾಮಿಕ ಎಚ್ಚರಿಕೆಯ ಅತ್ಯುನ್ನತವಾದ ಆರನೇ ಹಂತವನ್ನು ಘೋಷಿಸಿತು. ವರ್ಷ ಕಳೆಯುವಷ್ಟರಲ್ಲಿ ಅದು ಮಾಮೂಲಿ ಜ್ವರವೆಂದು ಜನ ಮಾತಾಡಿಕೊಳ್ಳುತ್ತಿದ್ದರು. ಕೋವಿಡ್ ಬಂದಾಗಲೂ 2020ರ ಮಾರ್ಚ್ 3ರಂದು ಸಾವಿನ ಪ್ರಮಾಣ ಶೇ 3.4 ಎಂಬ ಅಂಕಿ ಹೊರಬಿತ್ತು, ಆಮೇಲೆ ಅದೂ ನಿಲ್ಲಲಿಲ್ಲ. ಯಾರೋ ಏನನ್ನೋ ಮುಚ್ಚಿಟ್ಟದ್ದರಿಂದ ಹೀಗಾಗುತ್ತದೆಯೇ, ಅಥವಾ ಈ ಲೆಕ್ಕದ ಸ್ವಭಾವವೇ ಇಂಥದ್ದೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಸಂಖ್ಯಾಶಾಸ್ತ್ರದ ಮೇಷ್ಟ್ರು)

ನಿಮ್ಮ ಎರಡು ಸಾಲುಗಳಲ್ಲಿ ಯಾವುದೂ ಸುಳ್ಳಲ್ಲ. ಸುಮಾರು 150 ಎಂಬುದು ಹಂದಿಜ್ವರದಿಂದ ಸತ್ತಿರಬಹುದು ಎಂದು ಶಂಕಿಸಿದವರ ಸಂಖ್ಯೆ. 7 ಎಂಬುದು ಪ್ರಯೋಗಾಲಯದಲ್ಲಿ ಅಷ್ಟರೊಳಗೆ ಖಚಿತವಾದ ಸಾವುಗಳು. ಹೊಸ ವೈರಾಣುವಿನ ಪರೀಕ್ಷೆ ಆಗಿನ್ನೂ ಎಲ್ಲೆಡೆ ಇರಲಿಲ್ಲವಾದ್ದರಿಂದ ಮೆಕ್ಸಿಕೊದ ಮಾದರಿಗಳು ಕೆನಡಾದ ವಿನಿಪೆಗ್‌ಗೂ ಅಮೆರಿಕಕ್ಕೂ ಹೋಗಬೇಕಾಯಿತು. ಏಪ್ರಿಲ್ 29ರ ವೇಳೆಗೆ ಮೆಕ್ಸಿಕೊದಲ್ಲಿ ಖಚಿತವಾದ ಪ್ರಕರಣಗಳು 26, ಅವುಗಳಲ್ಲಿ ಸಾವು 7. ಅದೇ ದಿನ ಅಮೆರಿಕದಲ್ಲಿ ಖಚಿತ ಪ್ರಕರಣಗಳು 91, ಸಾವು 1. ಮೊದಲನೆಯದನ್ನು ಭಾಗಿಸಿದರೆ ಶೇ 27, ಎರಡನೆಯದನ್ನು ಭಾಗಿಸಿದರೆ ಶೇ 1 ಬರುತ್ತದೆ. ವೈರಾಣು ಮಾತ್ರ ಎರಡೂ ಕಡೆ ಒಂದೇ.

ನಮ್ಮ ಮನೆಯ ಹಿಂದೆ ಒಂದು ತೆಂಗಿನ ಮರವಿದೆ. ರಾತ್ರಿ ಕಾಯಿ ಹೆಂಚಿನ ಮೇಲೆ ಬಿದ್ದರೆ ಮಾತ್ರ ನಮಗೆ ಎಚ್ಚರವಾಗುತ್ತದೆ, ಹುಲ್ಲಿನ ಮೇಲೆ ಬಿದ್ದದ್ದು ತಿಳಿಯುವುದೇ ಇಲ್ಲ. ಸದ್ದು ಕೇಳಿದ್ದನ್ನಷ್ಟೇ ಎಣಿಸುವವನು ಬೀಳುವ ಕಾಯಿಯೆಲ್ಲ ಹೆಂಚು ಒಡೆಯುತ್ತದೆ ಎಂದೇ ಲೆಕ್ಕ ಬರೆಯುತ್ತಾನೆ. ಮೆಕ್ಸಿಕೊದಲ್ಲಿ ಮೊದಲು ಎಣಿಕೆಗೆ ಸಿಕ್ಕವರು ನ್ಯುಮೋನಿಯಾ ಬಿಗಡಾಯಿಸಿ ಆಸ್ಪತ್ರೆ ಸೇರಿದವರು. ನಾಲ್ಕು ದಿನ ಕಷಾಯ ಕುಡಿದು ಎದ್ದವರು ಯಾವ ಪಟ್ಟಿಗೂ ಸೇರಲಿಲ್ಲ. ಅದೇ ವಸಂತದಲ್ಲಿ, ಪಟ್ಟಿಗೆ ಸೇರದವರನ್ನೂ ಅಂದಾಜು ಮಾಡಿ ಲೆಕ್ಕ ಹಾಕಿದ ಸಂಶೋಧಕರಿಗೆ ಮೆಕ್ಸಿಕೊದ ಸಾವಿನ ಪ್ರಮಾಣ ಶೇ 0.4ರ ಆಸುಪಾಸಿನಲ್ಲಿ ಸಿಕ್ಕಿತು.

ಉತ್ತರ 2 (ವೈರಾಣು ಅಧ್ಯಯನ ವಿದ್ಯಾರ್ಥಿ)

ಮೇಷ್ಟ್ರು ಹೇಳಿದ್ದು ಸರಿ, ಆದರೆ ಮೊದಲ ಅಂಕಿ ಯಾವಾಗಲೂ ಹೆಚ್ಚಾಗಿಯೇ ಇರುತ್ತದೆ ಎಂದು ಯಾರೂ ತಿಳಿಯಬಾರದು. 2003ರಲ್ಲಿ ಹರಡಿದ ಸಾರ್ಸ್ ಎಂಬ ಉಸಿರಾಟದ ಸೋಂಕಿನಲ್ಲಿ ಆದದ್ದು ಇದಕ್ಕೆ ಪೂರ್ತಿ ತಿರುವುಮುರುವು: ಆರಂಭದಲ್ಲಿ ಶೇ 4ರ ಆಸುಪಾಸು ಎಂದಿದ್ದ ಅಂದಾಜನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಮೇ ತಿಂಗಳಲ್ಲಿ ಶೇ 14–15ಕ್ಕೆ ಏರಿಸಿತು, ಎಲ್ಲ ಮುಗಿದ ಮೇಲೆ 8,096 ಪ್ರಕರಣಗಳಿಗೆ 774 ಸಾವು, ಅಂದರೆ ಸುಮಾರು ಶೇ 9.6 ಉಳಿಯಿತು.

ಕಾರಣ ಕಾಲದ ಅಂತರ. ಒಂದು ಕಾಲ್ಪನಿಕ ಲೆಕ್ಕ ನೋಡಿ. ಪ್ರಕರಣಗಳು ವಾರಕ್ಕೊಮ್ಮೆ ಇಮ್ಮಡಿಯಾಗುತ್ತಿವೆ, ಸಾಯುವವರು ಸೋಂಕು ಪತ್ತೆಯಾದ ಮೂರು ವಾರಕ್ಕೆ ಸಾಯುತ್ತಾರೆ ಎನ್ನೋಣ. ಇಂದು ಒಟ್ಟು ಪ್ರಕರಣಗಳು 800, ಸಾವು 5 ಆದರೆ ಶೇ 0.6 ಎಂದು ಕಾಣುತ್ತದೆ. ಆದರೆ ಆ ಐವರು ಬಂದದ್ದು ಮೂರು ವಾರಗಳ ಹಿಂದಿನ 100 ಜನರ ಗುಂಪಿನಿಂದ. ನಿಜವಾದ ಪ್ರಮಾಣ ಶೇ 5. ಉಳಿದ 700 ಮಂದಿಯ ಪೈಕಿ ಇನ್ನೂ ಹಾಸಿಗೆಯಲ್ಲಿರುವವರನ್ನು ನಾವು ಬದುಕಿದವರೆಂದೇ ಎಣಿಸಿಬಿಟ್ಟಿರುತ್ತೇವೆ. ಇದನ್ನು ಸರಿಪಡಿಸಲು ಗುಣವಾದವರು ಮತ್ತು ಸತ್ತವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಕ್ರಮವೂ ಉಂಟು, ಆದರೆ ಗುಣವಾಗಿ ಮನೆಗೆ ಹೋಗಲು ಸಾಯುವುದಕ್ಕಿಂತ ಹೆಚ್ಚು ದಿನ ಹಿಡಿದರೆ ಅದೂ ದಾರಿ ತಪ್ಪಿಸುತ್ತದೆ. ಮೇಷ್ಟ್ರು ಹೇಳಿದಂತೆ ಸೌಮ್ಯ ಪ್ರಕರಣಗಳು ಬಿಟ್ಟುಹೋಗುವುದು ಅಂಕಿಯನ್ನು ಮೇಲಕ್ಕೆ ಎಳೆಯುತ್ತದೆ, ಈ ಕಾಲದ ಅಂತರ ಕೆಳಕ್ಕೆ ಜಗ್ಗುತ್ತದೆ. ಮೊದಲ ವಾರಗಳಲ್ಲಿ ಯಾವುದರ ಕೈ ಮೇಲಾಗಿದೆ ಎಂದು ಹೇಳುವುದೇ ಕಷ್ಟ.

ಉತ್ತರ 3 (ತಾಲ್ಲೂಕು ಆಸ್ಪತ್ರೆಯ ವೈದ್ಯೆ)

ಆಸ್ಪತ್ರೆಯ ಒಳಗಿನಿಂದ ಒಂದೆರಡು ಮಾತು ಸೇರಿಸುತ್ತೇನೆ. ಕೋವಿಡ್‌ನಿಂದ ಭಾರತದಲ್ಲಿ ವರದಿಯಾದ ಮೊದಲ ಸಾವು ಕಲಬುರಗಿಯ 76 ವರ್ಷದ ಹಿರಿಯರದ್ದು. ಅವರು ತೀರಿಕೊಂಡದ್ದು 2020ರ ಮಾರ್ಚ್ 10ರಂದು, ಸೋಂಕು ಖಚಿತವಾದದ್ದು 12ರಂದು. ಆ ದಿನಗಳಲ್ಲಿ ವಿದೇಶದಿಂದ ಬಂದವರು ಮತ್ತು ಅವರ ಸಂಪರ್ಕದವರು ಎಂಬ ನಿಯಮದ ಮೇಲೆ ಪರೀಕ್ಷೆ ನಡೆಯುತ್ತಿತ್ತು, ಹಾಗಾಗಿ ಭಾಗಾಕಾರದ ಕೆಳಗಿನ ಅಂಕಿಯನ್ನು ರೋಗಕ್ಕಿಂತ ಹೆಚ್ಚಾಗಿ ಆ ನಿಯಮವೇ ನಿರ್ಧರಿಸುತ್ತಿತ್ತು. ಹೆಚ್ಚುಕಡಿಮೆ ಎಲ್ಲರನ್ನೂ ಪರೀಕ್ಷಿಸಲು ಸಾಧ್ಯವಾದ ಜಾಗವೆಂದರೆ ಜಪಾನಿನ ಯೊಕೊಹಾಮಾದಲ್ಲಿ ತಡೆದು ನಿಲ್ಲಿಸಿದ್ದ ಡೈಮಂಡ್ ಪ್ರಿನ್ಸೆಸ್ ಹಡಗು: 3,711 ಜನರಲ್ಲಿ 712 ಮಂದಿಗೆ ಸೋಂಕು, ಪರೀಕ್ಷೆಯ ಹೊತ್ತಿಗೆ ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಯಾವ ಲಕ್ಷಣವೂ ಇರಲಿಲ್ಲ. ಅದು ಬಹಳ ಉಪಯೋಗಕ್ಕೆ ಬಂತು, ಆದರೆ ಹಡಗಿನ ಪ್ರಯಾಣಿಕರಲ್ಲಿ ವಯಸ್ಸಾದವರೇ ಹೆಚ್ಚಾಗಿದ್ದರಿಂದ ಆ ಅಂಕಿಯನ್ನು ನೇರವಾಗಿ ನಮ್ಮ ಊರಿಗೆ ತಂದು ಅಂಟಿಸುವಂತಿರಲಿಲ್ಲ.

ಆರನೇ ಹಂತದ ವಿಷಯ. ಅದು ವೈರಾಣು ಎಷ್ಟು ಭೂಪ್ರದೇಶಗಳಿಗೆ ಹರಡಿದೆ ಎಂಬುದರ ಅಳತೆಯಾಗಿತ್ತು, ಎಷ್ಟು ಕೊಲ್ಲುತ್ತದೆ ಎಂಬುದರದ್ದಲ್ಲ. ಜನ ಎರಡನೆಯದೆಂದು ಕೇಳಿಸಿಕೊಂಡರು, ಅದರಲ್ಲಿ ಜನರ ತಪ್ಪೇನೂ ಇರಲಿಲ್ಲ. ಇನ್ನು "ಮಾಮೂಲಿ ಜ್ವರ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2009ರ ಆ ಸಾಂಕ್ರಾಮಿಕದಲ್ಲಿ ಪ್ರಯೋಗಾಲಯ ಖಚಿತಪಡಿಸಿದ ಸಾವುಗಳು ಜಗತ್ತಿನಾದ್ಯಂತ 18,000ಕ್ಕಿಂತ ಸ್ವಲ್ಪ ಹೆಚ್ಚು. 2012ರಲ್ಲಿ ಪ್ರಕಟವಾದ ಅಂದಾಜು ಮೊದಲ ವರ್ಷದ ಸಾವುಗಳನ್ನು 1,51,700ರಿಂದ 5,75,400ರವರೆಗೆ ಇಡುತ್ತದೆ, ಅವರಲ್ಲಿ ಶೇ 80ರಷ್ಟು ಜನ 65ಕ್ಕಿಂತ ಕಡಿಮೆ ವಯಸ್ಸಿನವರು. ಭಾಗಾಕಾರದ ಮೇಲಿನ ಅಂಕಿಯೂ, ಅಂದರೆ ಸಾವಿನ ಎಣಿಕೆಯೂ, ಕೆಳಗಿನ ಅಂಕಿಯಷ್ಟೇ ಸಡಿಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆ ಜ್ವರದಲ್ಲಿ ಗರ್ಭಿಣಿಯರಿಗೆ ಅಪಾಯ ಹೆಚ್ಚಿತ್ತು. ಅಂಥವರು ಉಸಿರು ಸಿಗದೆ ಬಂದಾಗ ಒಟ್ಟಾರೆ ಶೇಕಡಾವಾರು ಎಷ್ಟೆಂಬುದು ವಾರ್ಡಿನಲ್ಲಿ ನಿಂತವರ ಉಪಯೋಗಕ್ಕೆ ಬರುವುದಿಲ್ಲ.

ಹಳೆಯ ಪುಣೆವಾಸಿ

ಮೂವರಿಗೂ ಧನ್ಯವಾದಗಳು. ಡಾಕ್ಟರಮ್ಮನವರ ಮಾತು ಓದಿದ ಮೇಲೆ ನೋಟ್‌ಬುಕ್ಕನ್ನು ಮತ್ತೆ ತೆರೆದು ನೋಡಿದೆ. ಕೆಲವು ದಿನಾಂಕಗಳ ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ ಸಣ್ಣದಾಗಿ "ಶಂ" ಎಂದೂ ಕೆಲವದರ ಪಕ್ಕ "ಖ" ಎಂದೂ ಇದೆ, ಪತ್ರಿಕೆ ಸರಿಯಾಗಿಯೇ ಬರೆದಿತ್ತು. ಎರಡನ್ನೂ ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ಬರೆದವನು ನಾನೇ.