ಪದಚರ್ಚೆ: ‘ಬರಿಗೈ’ ಅಂದರೆ ಸಾಕೆ? ಬಾಕ್ಸಿಂಗಿನ ಹಳೆಯ ಮಾತುಗಳಿಗೆ ಕನ್ನಡ ಬೇಕು

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಹಳೆಯ ಬಾಕ್ಸಿಂಗ್ ಬಗ್ಗೆ ಒಂದು ಕ್ರೀಡಾ ಮಾಸಿಕಕ್ಕೆ ಬರೆದುಕೊಡುತ್ತೇನೆಂದು ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಿದ್ದೇನೆ. ವಿಷಯ ಕೈಯಲ್ಲಿದೆ, ಇಸವಿಗಳೂ ಇವೆ. ಆದರೆ ಎರಡು ಪದಗಳ ಹತ್ತಿರ ಬಂಡಿ ಹೂತುಹೋಗಿದೆ. ಒಂದು ‘ಬೇರ್ ನಕಲ್’, ಅಂದರೆ ಗವಸಿಲ್ಲದ ಮುಷ್ಟಿಯಲ್ಲಿ ಗುದ್ದಾಡುವುದು. ಇನ್ನೊಂದು ‘ಪ್ರೈಜ್‌ಫೈಟರ್’, ಅಂದರೆ ಹಣಕ್ಕಾಗಿ ಹಾಗೆ ಕಾದುವವನು.

ಮೊದಲ ಕರಡಿನಲ್ಲಿ ‘ಬರಿಗೈ ಬಾಕ್ಸಿಂಗ್’, ‘ಬಹುಮಾನದ ಬಾಕ್ಸರ್’ ಎಂದು ಬರೆದು ಸೋದರಮಾವನಿಗೆ ಓದಿ ಹೇಳಿದೆ. ಅವರು ಚಿಕ್ಕಂದಿನಲ್ಲಿ ಮೈಸೂರಿನ ಗರಡಿಮನೆಯ ಕೆಮ್ಮಣ್ಣಿನಲ್ಲಿ ಹೊರಳಿದವರು. ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. “ಬರಿಗೈ ಅಂತೀಯ, ಬಹುಮಾನ ಅಂತೀಯ. ಬರಿಗೈಲಿ ಮನೆಗೆ ಬಂದೋನಿಗೆ ಬಹುಮಾನ ಎಲ್ಲಿಂದ ಬಂತೋ?” ಅಂದರು. ಆಮೇಲೆ ಆ ವಾಕ್ಯ ನೋಡಿದಾಗಲೆಲ್ಲ ನನಗೂ ನಗು.

ಮಾವ ಹೇಳಿದ್ದು ತಮಾಷೆಗಾದರೂ ಮಾತು ಸರಿ. ನಮ್ಮಲ್ಲಿ ಬರಿಗೈ ಎಂದರೆ ಏನೂ ತರದ, ಏನೂ ಸಿಗದ ಕೈ. ಆಯುಧ ಹಿಡಿಯದ ಕೈ ಎಂಬ ಅರ್ಥವೂ ಇದೆ (‘ಬರಿಗೈಲಿ ಹಾವು ಹಿಡಿದ’), ಆದರೆ ಮೊದಲು ಕಿವಿಗೆ ಬೀಳುವುದು ಅದಲ್ಲ. ಇನ್ನು ‘ನಕಲ್’ ಎಂಬುದಕ್ಕೆ ಬೆರಳಿನ ಗೆಣ್ಣು ಎನ್ನಬಹುದು. ಕಬ್ಬಿಗೂ ಗೆಣ್ಣು, ಬೆರಳಿಗೂ ಗೆಣ್ಣು, ಒಳ್ಳೆಯ ಪದವೇ. ನಮ್ಮ ಮನೆಯಲ್ಲಿ ಅದು ‘ಗಿಣ್ಣು’ ಆಗುತ್ತದೆ. ‘ಬರಿಗಿಣ್ಣು ಕಾಳಗ’ ಎಂದು ಬರೆದರೆ ಕರು ಹಾಕಿದ ಹಸುವಿನ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದ್ದು ನೆನಪಾಗುತ್ತದೆಯೇ ಹೊರತು ಮೂಗೊಡೆದ ಇಂಗ್ಲಿಷರಲ್ಲ. ಗೆಣ್ಣಿನಿಂದ ತಲೆಗೆ ಕೊಡುವ ಏಟಿಗೆ ‘ಮೊಟಕು’ ಎಂಬ ಬೇರೆಯದೇ ಕ್ರಿಯಾಪದ ಇಟ್ಟುಕೊಂಡಿರುವ ಭಾಷೆ ನಮ್ಮದು. ಆದರೆ ಮೊಟಕುವುದು ಮೇಷ್ಟರ ಕೆಲಸ, ಮಲ್ಲರದ್ದಲ್ಲ.

ಒಬ್ಬ ಸ್ನೇಹಿತರು ‘ವಜ್ರಮುಷ್ಟಿ’ ಎಂದು ಹಾಕಿ, ಮೈಸೂರಿನವರಿಗೆ ತಟ್ಟನೆ ಹೊಳೆಯುತ್ತದೆ ಎಂದರು. ಹೊಳೆಯುತ್ತದೆ ನಿಜ, ತಪ್ಪಾಗಿ ಹೊಳೆಯುತ್ತದೆ. ವಿಜಯದಶಮಿಯ ದಿನ ಅರಮನೆಯಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಕಾದುವಾಗ ಬೆರಳುಗಳಿಗೆ ಮೊನೆಗಳಿರುವ ಆಯುಧ ತೊಟ್ಟಿರುತ್ತಾರೆ. ಎದುರಾಳಿಯ ತಲೆಯಿಂದ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಅಂದರೆ ಅದು ಆಯುಧ ತೊಟ್ಟ ಮುಷ್ಟಿ, ನಮಗೆ ಬೇಕಾದದ್ದಕ್ಕೆ ನೇರ ಉಲ್ಟಾ. ಅಲ್ಲಿ ರಕ್ತ ಕಂಡೊಡನೆ ನಿಲ್ಲಿಸುತ್ತಾರೆ. ಇಂಗ್ಲೆಂಡಿನವರಿಗೆ ರಕ್ತ ಕಂಡರೆ ಆಗಷ್ಟೇ ಕಾವೇರುತ್ತಿತ್ತು.

ನನಗೆ ಈಗ ಅನಿಸುತ್ತಿರುವುದು ಬೇರೆ. ‘ಬೇರ್ ನಕಲ್’ ಎಂಬ ಮಾತು ಆ ಕಾಲದ ಮಲ್ಲರಿಗೆ ಬೇಕೇ ಇರಲಿಲ್ಲ. ಎಲ್ಲರೂ ಬರಿಯ ಮುಷ್ಟಿಯಲ್ಲೇ ಗುದ್ದುವಾಗ ‘ಬರಿಯ’ ಎಂಬ ವಿಶೇಷಣ ಯಾರಿಗೆ ಬೇಕು? ಫಾರಂ ಕೋಳಿ ಬರುವ ತನಕ ಕೋಳಿ ಬರೀ ಕೋಳಿ, ಬಂದ ಮೇಲೆ ಅದು ‘ನಾಟಿ ಕೋಳಿ’ ಆಯಿತು. ಗ್ಯಾಸ್ ಬಂದ ಮೇಲೆ ‘ಸೌದೆ ಒಲೆ’. ಮ್ಯಾಟ್ ಬಂದ ಮೇಲೆ ‘ಮಣ್ಣಿನ ಕುಸ್ತಿ’. ಹಾಗೆಯೇ ಇದೂ. ಇಂಗ್ಲೆಂಡಿನ ಬಾಕ್ಸರ್ ಜಾಕ್ ಬ್ರೌಟನ್ 1743ರಲ್ಲಿ ತನ್ನ ಲಂಡನ್ ಅಖಾಡಕ್ಕೆ ಮೊದಲ ಲಿಖಿತ ನಿಯಮಗಳನ್ನು ಮಾಡಿದಾಗ ಕೈಗವಸಿನ ಪ್ರಸ್ತಾಪವೇ ಇಲ್ಲ. 1747ರಲ್ಲಿ ಅವನೇ ದೊಡ್ಡ ಮನೆತನದ ಶಿಷ್ಯರಿಗಾಗಿ ಅಭ್ಯಾಸಕ್ಕೆ ಮೆತ್ತನೆಯ ಗವಸು ತಂದ. ಕಣ್ಣು ಕಪ್ಪಾಗದೆ, ದವಡೆ ಮುರಿಯದೆ, ಮೂಗಲ್ಲಿ ರಕ್ತ ಬರದೆ ಕಲಿಯಬಹುದು ಎಂಬ ಆಶ್ವಾಸನೆಯೊಂದಿಗೆ. ಅದನ್ನು ಅವನು ಕರೆದದ್ದು ‘ಮಫ್ಲರ್’ ಎಂದು! ನಾವು ಚಳಿಗೆ ಕತ್ತಿಗೆ ಸುತ್ತಿಕೊಳ್ಳುವ ಅದೇ ಹೆಸರು. ಪಂದ್ಯಕ್ಕೆ ಗವಸು ಕಡ್ಡಾಯವಾಗುವ ದಾರಿ ತೆರೆದದ್ದು 1867ರ ಕ್ವೀನ್ಸ್‌ಬೆರಿ ನಿಯಮಗಳಿಂದ. ಆದ್ದರಿಂದ 18ನೇ ಶತಮಾನದ ಭಾಗದಲ್ಲಿ ಬರೀ ‘ಮುಷ್ಟಿಕಾಳಗ’ ಎಂದು ಬರೆದು, ಗವಸು ಬಂದ ಮೇಲಿನ ಭಾಗದಲ್ಲಿ ಮಾತ್ರ ‘ಗವಸಿಲ್ಲದ’ ಎಂದು ಸೇರಿಸಿದರೆ ಹೇಗೆ? ಕಾಲವೂ ಪದದಲ್ಲೇ ಕಾಣುತ್ತದೆ.

ಆದರೂ ಕೈ ಬರಿದಾಗಿರಬೇಕು ಎಂಬ ಪ್ರಶ್ನೆ ಒಂದು ಸಲ ನಿಜವಾಗಿಯೇ ಎದ್ದಿತ್ತು. 1810ರ ಡಿಸೆಂಬರ್ 18, ಈಸ್ಟ್ ಗ್ರಿನ್‌ಸ್ಟೆಡ್ ಬಳಿಯ ಬಯಲು, ಮಳೆ, ಚಳಿ. ಇಂಗ್ಲೆಂಡಿನ ಚಾಂಪಿಯನ್ ಟಾಮ್ ಕ್ರಿಬ್ ಎದುರು ಅಮೆರಿಕದಿಂದ ಬಂದ ಕಪ್ಪು ಮಲ್ಲ ಟಾಮ್ ಮಾಲಿನೋ. 28ನೇ ಸುತ್ತಿನ ಹೊತ್ತಿಗೆ ಕ್ರಿಬ್ ಎದ್ದು ನಿಲ್ಲಲಾಗದ ಸ್ಥಿತಿಗೆ ಬಂದ. ಬಿದ್ದವನು ಅರ್ಧ ನಿಮಿಷದೊಳಗೆ ಕಣದ ನಡುವಿನ ಗೆರೆಗೆ ಬಂದು ನಿಲ್ಲದಿದ್ದರೆ ಸೋತಂತೆ. ಆಗ ಅವನ ಕಡೆಯವರು ಓಡಿಬಂದು, ಮಾಲಿನೋ ಮುಷ್ಟಿಯೊಳಗೆ ಸೀಸದ ಗುಂಡು ಅಡಗಿಸಿಕೊಂಡಿದ್ದಾನೆ ಎಂದು ಗಲಾಟೆ ಎಬ್ಬಿಸಿದರು, ಅವನು ಕೈ ಬಿಚ್ಚಿ ತೋರಿಸುವಷ್ಟರಲ್ಲಿ ಕ್ರಿಬ್ ಉಸಿರು ತಿರುಗಿಸಿಕೊಂಡ ಎಂಬ ಕಥೆ ಅಂದಿನಿಂದ ನಡೆದುಬಂದಿದೆ. ಕಥೆಯ ವಿವರಗಳ ಬಗ್ಗೆ ತಕರಾರುಗಳಿವೆ. ಗೆದ್ದವನು ಕ್ರಿಬ್ ಎಂಬುದರಲ್ಲಿ ಇಲ್ಲ. ಮಾಲಿನೋ ಬಿಚ್ಚಿದ ಆ ಖಾಲಿ ಅಂಗೈಗೆ ‘ಬರಿಗೈ’ಗಿಂತ ಒಳ್ಳೆಯ ಪದ ನನಗೆ ಹೊಳೆಯುತ್ತಿಲ್ಲ. ಎರಡೂ ಅರ್ಥದಲ್ಲಿ. ಈ ಒಂದು ಕಡೆ ಆ ಪದ ಉಳಿಸಿಕೊಳ್ಳುತ್ತೇನೆ, ಮಾವ ಏನಾದರೂ ಅನ್ನಲಿ.

ಈಗ ‘ಪ್ರೈಜ್’. ಇದಕ್ಕೆ ಬಹುಮಾನ ಸರಿಹೊಂದದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಹುಮಾನ ಮೇಲಿನವರು ಮೆಚ್ಚಿ ಕೊಡುವುದು; ಮಹಾರಾಜರು ಜಟ್ಟಿಗೆ ಕೊಟ್ಟರೆ ಅದು ಬಹುಮಾನ ಅಥವಾ ಇನಾಮು. ಇಲ್ಲಿ ಹಾಗಲ್ಲ. ಎರಡೂ ಕಡೆಯ ಹಣವಂತರು ಸಮ ಮೊತ್ತ ಕಟ್ಟಿ ಮಧ್ಯಸ್ಥನ ಕೈಗೆ ಕೊಡುತ್ತಿದ್ದರು, ಗೆದ್ದ ಕಡೆಗೆ ಪೂರ್ತಿ ಗಂಟು. 1860ರ ಏಪ್ರಿಲ್ 17ರಂದು ಫಾರ್ನ್‌ಬರೋದಲ್ಲಿ ಇಂಗ್ಲೆಂಡಿನ ಟಾಮ್ ಸೇಯರ್ಸ್, ಅಮೆರಿಕದ ಜಾನ್ ಹೀನನ್ ಎರಡು ಗಂಟೆಗೂ ಮೀರಿ ಕಾದಾಡಿ ಕೊನೆಗೆ ಯಾರೂ ಗೆಲ್ಲದೆ ಉಳಿದರಲ್ಲ, ಅದಕ್ಕೆ ಕಟ್ಟಿದ್ದು ತಲಾ 200 ಪೌಂಡ್. ಇದಕ್ಕೆ ನಮ್ಮಲ್ಲಿ ಹೇಳಿಮಾಡಿಸಿದ ಪದ ‘ಪಣ’. ಧರ್ಮರಾಯನಿಂದ ಕೋಳಿಅಂಕದವರೆಗೆ ಎಲ್ಲರಿಗೂ ಗೊತ್ತಿರುವುದು. ಹಾಗಾದರೆ ಪ್ರೈಜ್‌ಫೈಟರ್ ‘ಪಣದ ಮಲ್ಲ’. ಜೂಜಿನ ವಾಸನೆ ಬರುತ್ತದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಬರಲಿ, ಇದ್ದದ್ದೇ ಅದು. ಇಂಗ್ಲೆಂಡಿನ ನ್ಯಾಯಾಲಯ 1882ರಲ್ಲಿ ಇಬ್ಬರೂ ಒಪ್ಪಿ ಹೊಡೆದಾಡಿದರೂ ಇದು ಅಪರಾಧವೇ ಎಂದು ತೀರ್ಮಾನಿಸಿತು.

ಒಂದು ತೊಡಕಿದೆ. ‘ಪ್ರೈಜ್’ ಶುರುವಿನಲ್ಲಿ ಹಣವೂ ಅಲ್ಲ, ಗುದ್ದಾಟವೂ ಅಲ್ಲ. 16ನೇ ಶತಮಾನದ ಲಂಡನ್ನಿನಲ್ಲಿ ಕತ್ತಿವರಸೆಯ ಗುರುಗಳ ಸಂಘವೊಂದಿತ್ತು. ಶಿಷ್ಯ ಮೇಲಿನ ದರ್ಜೆಗೆ ಏರಬೇಕಾದರೆ ಜನರೆದುರು ಕತ್ತಿ ಹಿಡಿದು ನಿಂತು ಪರೀಕ್ಷೆ ಕೊಡಬೇಕು. ಅದನ್ನು ‘ಪ್ರೈಜ್ ಆಡುವುದು’ ಎನ್ನುತ್ತಿದ್ದರು. ಲಂಡನ್ನಿನ ಹೆಸರಾಂತ ದಿನಚರಿಕಾರ ಸ್ಯಾಮ್ಯುಯಲ್ ಪೀಪ್ಸ್ 1663ರ ಜೂನ್ 1ರ ದಿನಚರಿಯಲ್ಲಿ ತಾನು ಮೊದಲ ಬಾರಿಗೆ ಪ್ರೈಜ್ ಕಾಳಗ ನೋಡಿದೆ ಎಂದು ಬರೆದಾಗಲೂ ಕೈಯಲ್ಲಿದ್ದದ್ದು ಕತ್ತಿಯೇ. 1719ರ ಹೊತ್ತಿಗೆ ಇಂಗ್ಲೆಂಡಿನ ಮೊದಲ ಬಾಕ್ಸಿಂಗ್ ಚಾಂಪಿಯನ್ ಎನಿಸಿಕೊಂಡ ಜೇಮ್ಸ್ ಫಿಗ್ ಕೂಡ ಕತ್ತಿ ಮತ್ತು ದೊಣ್ಣೆಯಲ್ಲೇ ಹೆಚ್ಚು ಪಳಗಿದವನು. ಅವನನ್ನು ‘ಪಣದ ಮಲ್ಲ’ ಎನ್ನುವುದಕ್ಕಿಂತ ‘ವಸ್ತಾದಿ’ ಎಂದರೆ ಮೈಸೂರಿನವರಿಗೆ ಆಸಾಮಿ ಕಣ್ಣ ಮುಂದೆ ಬಂದು ನಿಲ್ಲುತ್ತಾನೆ.

‘ಮಲ್ಲ’ ಎಂದರೆ ಕುಸ್ತಿಯವನಾಯಿತಲ್ಲ ಎನ್ನುವವರಿಗೆ: ಬ್ರೌಟನ್ ನಿಯಮದಲ್ಲಿ ಸೊಂಟದ ಮೇಲೆ ಹಿಡಿದು ಎತ್ತಿ ಒಗೆಯುವುದಕ್ಕೆ ಅಡ್ಡಿಯಿರಲಿಲ್ಲ. ಬಿದ್ದವನನ್ನು ಹೊಡೆಯಬಾರದು, ಅಷ್ಟೆ. ಅರ್ಧ ಗುದ್ದು, ಅರ್ಧ ಕುಸ್ತಿ. ತಲೆಬುರುಡೆಗೆ ಗುದ್ದಿದರೆ ಮುರಿಯುವುದು ತಮ್ಮದೇ ಬೆರಳ ಮೂಳೆ ಎಂದು ತಿಳಿದಿದ್ದರಿಂದ ಎತ್ತಿ ಬೀಳಿಸುವ ಪಟ್ಟುಗಳಿಗೆ ಬೆಲೆ ಜಾಸ್ತಿ. ಕಂಸನ ಆಸ್ಥಾನದ ಚಾಣೂರ, ಮುಷ್ಟಿಕರನ್ನು ನೆನಪಿಸಿಕೊಳ್ಳಿ. ಹೆಸರು ಮುಷ್ಟಿಕ, ವೃತ್ತಿ ಮಲ್ಲ. ನಮ್ಮ ಹಿಂದಿನವರೂ ಇವೆರಡರ ನಡುವೆ ಗೋಡೆ ಕಟ್ಟಿರಲಿಲ್ಲ.

‘ರಿಂಗ್’ಗೆ ಕಣ ಎಂದು ಕಣ್ಣುಮುಚ್ಚಿ ಹಾಕಿದ್ದೇನೆ. ಜನ ಸುತ್ತ ನಿಂತು ಆದ ಬಳೆಗೆ ರಿಂಗ್ ಎಂದು ಹೆಸರು. 1838ರ ನಿಯಮ ಅದನ್ನು 24 ಅಡಿಯ ಚೌಕ ಮಾಡಿ ಗೂಟ ಹಗ್ಗ ಕಟ್ಟಿದರೂ ಹೆಸರು ದುಂಡಗೇ ಉಳಿಯಿತು. ನಮ್ಮ ಕಣವೂ ದುಂಡಗಿನದೇ, ಮೇಟಿಯ ಸುತ್ತ ಎತ್ತು ತಿರುಗಿದ್ದು. ಸವಾಲು ಹಾಕುವವನು ಕಣದೊಳಗೆ ಟೋಪಿ ಎಸೆಯುತ್ತಿದ್ದ. ಅಲ್ಲಿಗೆ ನಮ್ಮ ‘ತೊಡೆ ತಟ್ಟು’ ಸಾಕು.

‘ಸುತ್ತು’ ಮಾತ್ರ ಮೋಸ ಮಾಡುತ್ತದೆ. 1889ರ ಜುಲೈ 8ರಂದು ಮಿಸಿಸಿಪಿಯ ರಿಚ್‌ಬರ್ಗ್‌ನಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್ರೇನ್ 75 ಸುತ್ತು ಕಾದಾಡಿದರು ಎಂದರೆ ಓದುಗ ಇಂದಿನ ಮೂರು ನಿಮಿಷದ ಲೆಕ್ಕ ಹಾಕಿ ನಾಲ್ಕು ಗಂಟೆ ಎಂದುಕೊಳ್ಳುತ್ತಾನೆ. ಆದದ್ದು ಎರಡೂಕಾಲು ಗಂಟೆ. ಆಗ ಒಬ್ಬ ಬಿದ್ದರೆ ಒಂದು ಸುತ್ತು. ಅದು ಹತ್ತು ಸೆಕೆಂಡಿಗೂ ಮುಗಿಯಬಹುದು, ಹತ್ತು ನಿಮಿಷಕ್ಕೂ ಬೆಳೆಯಬಹುದು. ಬೇರೆ ಪದ ಹುಡುಕಿ ಸೋತೆ. ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ವಿವರಿಸಿ ‘ಸುತ್ತು’ ಎಂದೇ ಇಡುತ್ತೇನೆ. ಆ ದಿನ ಸುಡುಬಿಸಿಲಲ್ಲಿ ಕಿಲ್ರೇನನ ಕಡೆಯವರು ಸೋಲೊಪ್ಪಿ ಸ್ಪಂಜು ಎಸೆದರು. ಅದಕ್ಕೆ ‘ಕೈಚೆಲ್ಲಿದರು’ ಅನ್ನುವುದನ್ನು ಮೀರಿದ ಕನ್ನಡ ಉಂಟೆ? ಸ್ಪಂಜನ್ನೂ ಉಳಿಸಿಕೊಂಡು ‘ಸ್ಪಂಜು ಎಸೆದು ಕೈಚೆಲ್ಲಿದರು’ ಎಂದಿದ್ದೇನೆ.

ಉಳಿದಿರುವುದು ಎರಡು ಪ್ರಶ್ನೆ. ಬಿದ್ದವನು ಅರ್ಧ ನಿಮಿಷ ಸುಧಾರಿಸಿಕೊಂಡು ಬಂದು ನಿಲ್ಲಬೇಕಾದ ‘ಸ್ಕ್ರ್ಯಾಚ್’ಗೆ ಗೆರೆ, ಗೀಟು, ಗೀರು, ಯಾವುದು? ಬ್ರೌಟನ್ನನ ಹಲಗೆಯ ವೇದಿಕೆಯಲ್ಲಿ ಅದು ಸುಣ್ಣದಲ್ಲಿ ಎಳೆದ ಒಂದು ಗಜದ ಚೌಕ, ಅದಕ್ಕೆ ಗೆರೆ ಎನ್ನಬಹುದು. ಮುಂದೆ ಬಯಲಿನ ಹುಲ್ಲು ಕೆರೆದು ಮಾಡಿದಾಗ ‘ಗೀರು’ ಹೆಚ್ಚು ಹತ್ತಿರ ಅನಿಸುತ್ತದೆ. ನಾನು ಕುಂಟೆಬಿಲ್ಲೆಗೆ ಹೆಂಚಿನ ಚೂರಲ್ಲಿ ಎಳೆಯುತ್ತಿದ್ದದ್ದು ಮಾತ್ರ ಗೀಟು.

ಇನ್ನೊಂದು ‘ಸೆಕೆಂಡ್’. ಸುತ್ತು ಮುಗಿದ ಕೂಡಲೇ ಮಲ್ಲನನ್ನು ಎತ್ತಿ ತಂದು, ಒಂದು ಮಂಡಿ ಊರಿ ಇನ್ನೊಂದು ತೊಡೆಯನ್ನೇ ಮಣೆ ಮಾಡಿ ಕೂರಿಸಿಕೊಂಡು, ಮುಖ ಒರೆಸಿ, ಮತ್ತೆ ಗೆರೆಗೆ ತಳ್ಳುವವನು. ಪಕ್ಕದಲ್ಲಿ ಬಾಟಲಿ ಹಿಡಿದ ಮತ್ತೊಬ್ಬ. ‘ಸಹಾಯಕ’ ಎಂದರೆ ಸರ್ಕಾರಿ ಕಚೇರಿಯ ಹುದ್ದೆಯಂತೆ ಕೇಳಿಸುತ್ತದೆ. ಮಾವನನ್ನು ಕೇಳಿದರೆ “ನಮ್ಮ ಕಡೆಯೋನು ಅಂತಿದ್ವಿ” ಎಂದರು. ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆಯ ಕುಸ್ತಿ ಕಣ ಕಂಡವರು ಯಾರಾದರೂ ಇದ್ದರೆ, ಅಲ್ಲಿ ಪೈಲ್ವಾನನ ಬೆನ್ನಿಗೆ ನಿಲ್ಲುವವನಿಗೆ ಏನಂತಾರೆ ಎಂದು ದಯವಿಟ್ಟು ತಿಳಿಸಿ. ಸೋಮವಾರದೊಳಗೆ ಕಳಿಸಬೇಕು.