ಅಪ್‌ಡೇಟ್: ಪೈ ಅಂಕಿಗಳಲ್ಲಿ ನಾಲ್ಕನೇ ಅವಿಭಾಜ್ಯ ಸಂಖ್ಯೆ ಸಿಕ್ಕಿತು

ಪೈ (π = 3.14159...) ಅಂಕಿಗಳನ್ನು ಮೊದಲಿನಿಂದ ಜೋಡಿಸುತ್ತಾ ಹೋದರೆ ಯಾವ್ಯಾವುದು ಅವಿಭಾಜ್ಯ ಸಂಖ್ಯೆ ಆಗುತ್ತೆ ಅಂತ ಹೋದ ವಾರ ಕೇಳಿದ್ದೆನಲ್ಲ? 3, 31, 314159 ಆದ ಮೇಲೆ ನನ್ನ ಪ್ರೋಗ್ರಾಂ ಏನೇನೋ ಕೊಡುತ್ತಿತ್ತು.

ತಪ್ಪು ನನ್ನದೇ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೊದಲೇ ಇರುವ ಪೈ ಬೆಲೆಯನ್ನು ಸುಮ್ನೆ ನಂಬಿದ್ದೆ. ಅದರಲ್ಲಿ ಮೊದಲ 16 ಅಂಕಿ ಮಾತ್ರ ಸರಿ. ಉದ್ದಕ್ಕೆ ಪ್ರಿಂಟ್ ಮಾಡಿದರೆ 238 ಇರಬೇಕಾದ ಕಡೆ 115 ಬರುತ್ತೆ! ನೀವು ಹೇಳಿದಂತೆ ಎಂಪಿಮ್ಯಾಥ್‌ನಿಂದ (ಎಷ್ಟು ಅಂಕಿ ಬೇಕೋ ಅಷ್ಟು ನಿಖರವಾಗಿ ಲೆಕ್ಕ ಮಾಡುವ ಪೈಥಾನ್ ಲೈಬ್ರರಿ) 100 ಅಂಕಿ ತೆಗೆದೆ. ಒಂದೊಂದೇ ಭಾಗಿಸಿ ನೋಡುವುದು ಬಿಟ್ಟು ಮಿಲ್ಲರ್-ರಾಬಿನ್ ಪರೀಕ್ಷೆ (ದೊಡ್ಡ ಸಂಖ್ಯೆ ಅವಿಭಾಜ್ಯವೇ ಅಂತ ಬೇಗ ನೋಡುವ ವಿಧಾನ) ಹಾಕಿದೆ. ಕಲಬುರಗಿ ಬಿಸಿಲಿಗೆ ಲ್ಯಾಪ್‌ಟಾಪ್ ರೊಟ್ಟಿ ಹಂಚಾಗಿತ್ತು, ಆದರೂ ಉತ್ತರ ತಕ್ಷಣ ಬಂತು: 31415926535897932384626433832795028841. ಒಟ್ಟು 38 ಅಂಕಿ.

ಐದನೆಯದಕ್ಕೆ 16,208 ಅಂಕಿ. ಅದನ್ನು ಸದ್ಯ ಮುಟ್ಟಲ್ಲ. ಅಣ್ಣ ಈಗ ಪೈ ಥರದ್ದೇ ಇನ್ನೊಂದು ಸಂಖ್ಯೆ 'ಇ' (e = 2.71828...) ಹಿಡಿದು ಕೂತಿದ್ದಾನೆ: 2, 271, 2718281 ತನಕ ಬಂದಿದ್ದಾನೆ.